ನಿಂತ ಕ್ಯಾರವಾನ್‌ನಲ್ಲಿ ವಿಷಗಾಳಿ: ಪರಿಹಾರ ಕೇಳುವುದು ಹೇಗೆ?

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರ ಬಳಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್‌ನಲ್ಲಿ ಇಬ್ಬರು ನೌಕರರು ಶವವಾಗಿ ಸಿಕ್ಕರು. ಜನರೇಟರಿನ ಹೊಗೆ ನೆಲದ ರಂಧ್ರದಿಂದ ಒಳಗೆ ನುಗ್ಗಿತ್ತೆಂದು ಕಲ್ಲಿಕೋಟೆ ಎನ್‌ಐಟಿ ತಜ್ಞರ ಪರೀಕ್ಷೆಯಲ್ಲಿ ಗೊತ್ತಾಯಿತು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇಂಥ ಸಾವನ್ನು ಹಣೆಬರಹವೆಂದು ಬಿಡಬೇಕಿಲ್ಲ. ಹೊಗೆ ಒಳಬರಲು ದಾರಿ ಬಿಟ್ಟವರು ಯಾರೆಂದು ಕೇಳುವ ಹಕ್ಕು ಕುಟುಂಬಕ್ಕಿದೆ.

ಬಾಡಿಗೆಗೆ ಪಡೆಯುವ ಮುನ್ನ

ಆರ್‌ಸಿ ನೋಡಿ. ಅದರಲ್ಲಿರುವ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಹೊಗೆಕೊಳವೆಯ ಬಾಯಿ ಕಿಟಕಿ, ಬಾಗಿಲುಗಳಿಂದ ದೂರವಿದೆಯೇ, ಒಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯೇ ಎಂದು ವಿಚಾರಿಸಿ. ಮಲಗುವಾಗ ಜನರೇಟರ್ ಆರಿಸಿ. ಬಾಡಿಗೆ ರಸೀದಿ ಜೋಪಾನವಾಗಿರಲಿ.

ಅವಘಡವಾದರೆ

ಒಳಗಿದ್ದವರಿಗೆಲ್ಲ ತಲೆನೋವು, ತಲೆಸುತ್ತು, ವಾಕರಿಕೆ ಶುರುವಾದರೆ ತಕ್ಷಣ ಹೊರಬಂದು 112 ಅಥವಾ 108ಕ್ಕೆ ಕರೆ ಮಾಡಿ. ವೈದ್ಯರಿಗೆ ಜನರೇಟರಿನ ವಿಷಯ ಹೇಳಲೇಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷವಿದ್ದಾಗಲೂ ಎಲ್ಲ ಸರಿಯಿದೆ ಎಂಬಂತೆ ತೋರಿಸಬಹುದು. ನಿಜ ತಿಳಿಯುವುದು ಕಾರ್ಬಾಕ್ಸಿ ಹಿಮೋಗ್ಲೋಬಿನ್ ರಕ್ತಪರೀಕ್ಷೆಯಿಂದ. ಆಮ್ಲಜನಕ ಕೊಟ್ಟಂತೆಲ್ಲ ಆ ಪ್ರಮಾಣ ಇಳಿಯುವುದರಿಂದ, ರಕ್ತ ತೆಗೆದ ಸಮಯವನ್ನು ದಾಖಲಿಸಲು ಕೋರಿ. ಆದರೆ ಪರೀಕ್ಷೆಗೆಂದು ಚಿಕಿತ್ಸೆ ತಡವಾಗಬಾರದು.

ಪೊಲೀಸ್ ದೂರು

ಘಟನೆ ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಝೀರೋ ಎಫ್‌ಐಆರ್ ದಾಖಲಿಸಬಹುದು. ಅದರ ಪ್ರತಿ ಉಚಿತ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದ್ದರೆ ಭಾರತೀಯ ನ್ಯಾಯ ಸಂಹಿತೆಯ 106(1)ರಡಿ 5 ವರ್ಷದವರೆಗೆ ಜೈಲುಶಿಕ್ಷೆಯಿದೆ. ಮಹಜರು ಮುಗಿಯುವ ಮೊದಲೇ ವಾಹನ ಗ್ಯಾರೇಜಿಗೆ ಹೋದರೆ ಸಾಕ್ಷ್ಯ ಕೈತಪ್ಪುತ್ತದೆ. ಜನರೇಟರ್ ಸ್ವಿಚ್ಚಿನ ಸ್ಥಿತಿ, ಟ್ಯಾಂಕಿನಲ್ಲಿ ಉಳಿದ ಇಂಧನ, ಹೊಗೆಕೊಳವೆ, ನೆಲದ ರಂಧ್ರ ಎಲ್ಲವೂ ಮಹಜರಿನಲ್ಲಿ ಬರಲಿ ಎಂದು ಲಿಖಿತವಾಗಿ ಕೇಳಿ.

ಪರಿಹಾರದ ದಾರಿಗಳು

ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಪ್ರಕಾರ ಯಾರ ತಪ್ಪೆಂದು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು. ತಪ್ಪು ತೋರಿಸಿ ಹೆಚ್ಚಿನ ಮೊತ್ತ ಕೇಳುವುದಾದರೆ 166ನೇ ಕಲಂ ಇದೆ. ಅರ್ಜಿಗೆ 6 ತಿಂಗಳ ಗಡುವು. ಕೇರಳದಲ್ಲಿ ಘಟನೆಯಾದರೂ ಮಂಗಳೂರಿನ ಕುಟುಂಬ ತನ್ನೂರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಈ ಅರ್ಜಿ ಹಾಕಬಹುದು. ‘ಗಾಡಿ ನಿಂತಿತ್ತು’ ಎಂದು ವಿಮಾ ಕಂಪನಿ ವಾದಿಸಬಹುದು. ಆದರೆ ಉರುಳಿಬಿದ್ದ ಪೆಟ್ರೋಲ್ ಟ್ಯಾಂಕರ್ ಗಂಟೆಗಳ ನಂತರ ಸ್ಫೋಟಿಸಿದ ಪ್ರಕರಣದಲ್ಲಿ, ವಾಹನದ ಬಳಕೆಯೆಂದರೆ ಬರೀ ಓಡಾಟವಲ್ಲ ಎಂದು 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಬಾಡಿಗೆ ಕೊಟ್ಟವರ ಸೇವಾಲೋಪ ಅಥವಾ ಜನರೇಟರಿನ ದೋಷಕ್ಕೆ 2 ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ದೂರು ಕೊಡಿ, ಸಹಾಯವಾಣಿ 1915. ಸತ್ತವರು ಕೆಲಸದ ಮೇಲಿದ್ದ ಚಾಲಕರಾಗಿದ್ದರೆ ಮಾಲೀಕರಿಂದ ನೌಕರರ ಪರಿಹಾರವನ್ನೂ ಕೇಳಲು ಅವಕಾಶವಿದೆ. ಆದರೆ ಅದು, ಇಲ್ಲವೇ ಮೋಟಾರು ಪರಿಹಾರ, ಎರಡರಲ್ಲಿ ಒಂದು ಮಾತ್ರ ಸಿಗುತ್ತದೆ. ಯಾವುದು ಲಾಭವೆಂದು ಮೊದಲು ವಕೀಲರನ್ನು ಕೇಳಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಕರೆ ಮಾಡಬೇಕಾದ ಸಂಖ್ಯೆ 15100.