ಶಾಲಾ ಗ್ರಂಥಾಲಯದ ಉಸ್ತುವಾರಿಗೂ ತರಬೇತಿ ಬೇಕು: ಕೇಳುವ ದಾರಿ ಕಾನೂನಿನಲ್ಲಿದೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಸರ್ಕಾರಿ ಶಾಲೆಗಳಲ್ಲಿ ಗ್ರಂಥಾಲಯದ ಬೀಗದ ಕೈ ಸಾಮಾನ್ಯವಾಗಿ ಒಬ್ಬ ಶಿಕ್ಷಕರ ಕೈಯಲ್ಲಿರುತ್ತದೆ. ಅವರು ಕನ್ನಡವನ್ನೋ ಸಮಾಜ ವಿಜ್ಞಾನವನ್ನೋ ಕಲಿಸುವವರು. ಬಿಸಿಯೂಟದ ಲೆಕ್ಕ, ಸಮವಸ್ತ್ರ ಹಂಚಿಕೆ, ಆನ್‌ಲೈನ್ ಮಾಹಿತಿ ತುಂಬುವ ಕೆಲಸಗಳ ಜೊತೆಗೆ ಗ್ರಂಥಾಲಯದ ಉಸ್ತುವಾರಿಯೂ ಅವರ ಪಾಲಿಗೆ ಬಂದಿರುತ್ತದೆ. ಪುಸ್ತಕ ವರ್ಗೀಕರಿಸುವುದು, ಮಗುವಿನ ಓದಿನ ಮಟ್ಟಕ್ಕೆ ತಕ್ಕ ಪುಸ್ತಕ ಆರಿಸುವುದು, ಹರಿದದ್ದನ್ನು ದಾಸ್ತಾನಿನಿಂದ ತೆಗೆಯುವುದು ಹೇಗೆಂದು ಅವರಲ್ಲಿ ಹೆಚ್ಚಿನವರಿಗೆ ಯಾರೂ ಹೇಳಿಕೊಟ್ಟಿಲ್ಲ. ಶಾಲೆಗಳಿಗೆ ಪ್ರತ್ಯೇಕ ಗ್ರಂಥಪಾಲಕರ ಹುದ್ದೆ ಕೊಡುವಷ್ಟು ಹಣವಿಲ್ಲ ಎಂಬ ಮಾತು ಹಳೆಯದು. ಇರುವವರಿಗೆ ತರಬೇತಿ ಕೊಡಲೂ ಹಣವಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಬೇಕಾಗಿಲ್ಲ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಗ್ರಂಥಾಲಯ ಇರಲೇಬೇಕು ಎಂದಿದೆ. ಅಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಕಥೆ ಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕ ಇರಬೇಕು. 19ನೇ ಕಲಮಿನ ಪ್ರಕಾರ ಹಳೆಯ ಶಾಲೆಗಳು ಮೂರು ವರ್ಷದೊಳಗೆ ಈ ಮಾನದಂಡ ಪೂರೈಸಬೇಕಿತ್ತು. ಆ ಗಡುವು 2013ರಲ್ಲೇ ಮುಗಿದಿದೆ. ಶಿಕ್ಷಕರಿಗೆ ತರಬೇತಿ ಸೌಲಭ್ಯ ಒದಗಿಸುವುದು ರಾಜ್ಯ ಸರ್ಕಾರದ ಕರ್ತವ್ಯವೆಂದು 8ನೇ ಕಲಂ, ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು 9ನೇ ಕಲಂ ಹೇಳುತ್ತವೆ.

ಆದರೆ ಇದೇ ಅನುಸೂಚಿಯಲ್ಲಿ ಗ್ರಂಥಪಾಲಕರ ಹೆಸರೇ ಇಲ್ಲ. ಗ್ರಂಥಾಲಯ ಕಡ್ಡಾಯ, ಅದನ್ನು ನಡೆಸುವವರು ಯಾರೆಂಬ ಬಗ್ಗೆ ಮೌನ. ಈ ಕಾಯ್ದೆಯ ದೊಡ್ಡ ಲೋಪಗಳಲ್ಲಿ ಇದೂ ಒಂದು ಎಂದು ನಾನು ಖಚಿತವಾಗಿ ನಂಬಿದ್ದೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಲಾ ಗ್ರಂಥಾಲಯಗಳಿಗೆ ಸಾಕಷ್ಟು ಸಿಬ್ಬಂದಿ ಬೇಕು, ಅವರಿಗೆ ನಿರಂತರ ವೃತ್ತಿ ಅಭಿವೃದ್ಧಿಯ ಅವಕಾಶ ಬೇಕು ಎಂದೇನೋ ಹೇಳಿತು. ಆದರೆ ನೀತಿ ಕಾನೂನಲ್ಲ. ಅದನ್ನು ಹಿಡಿದು ನ್ಯಾಯಾಲಯದಲ್ಲಿ ಹಕ್ಕು ಕೇಳಲಾಗದು. ಕರ್ನಾಟಕ ಸರ್ಕಾರವಂತೂ ಆ ನೀತಿಯನ್ನು ಕೈಬಿಟ್ಟು ತನ್ನದೇ ರಾಜ್ಯ ಶಿಕ್ಷಣ ನೀತಿಗೆ ಆಯೋಗ ರಚಿಸಿತು. ಆದ್ದರಿಂದ ತರಬೇತಿ ಕೇಳುವವರು ಎರಡು ನೆಲೆಯಲ್ಲಿ ಕೇಳಬೇಕು: ಒಂದು, ಶಿಕ್ಷಕರಾಗಿ, ಎರಡು, ಗ್ರಂಥಾಲಯ ಬಳಕೆಗೆ ಸಿಗಲೇಬೇಕಾದ ಮಕ್ಕಳ ಪರವಾಗಿ. ಎರಡನೆಯದೇ ಹೆಚ್ಚು ಗಟ್ಟಿ.

ತರಬೇತಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪುಸ್ತಕದ ತಿಜೋರಿಗೆ ಬಿದ್ದ ಬೀಗವೇ ಸಾಕ್ಷಿ. ನಮ್ಮ ಕಡೆಯ ಶಿಕ್ಷಕರನ್ನು ಕೇಳಿ: "ಒಂದ್ ಪುಸ್ತಕ ಕಳೀತಂದ್ರ ನಮ್ಮ ಪಗಾರದಾಗ ಹಿಡೀತಾರ್ರೀ" ಎನ್ನುತ್ತಾರೆ. ಈ ಭಯ ಸಣ್ಣದಲ್ಲ. ಮುಂದಿನವರಿಗೆ ಚಾರ್ಜು ಒಪ್ಪಿಸುವಾಗ ದಾಸ್ತಾನು ವಹಿಯಲ್ಲಿರುವ ಪ್ರತಿ ಪುಸ್ತಕವನ್ನೂ ಎಣಿಸಿ ತೋರಿಸಬೇಕು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಇದಕ್ಕೊಂದು ಒಳ್ಳೆಯ ವ್ಯವಸ್ಥೆಯಿದೆ. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಬಳಸಿದ ಪ್ರತಿ 1,000 ಪುಸ್ತಕಗಳಿಗೆ 5 ಕಳೆದರೆ, ಅದರಲ್ಲಿ ವಂಚನೆಯಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದಿದ್ದರೆ, ಅದು ಸಹಜ ನಷ್ಟ. ಈ ನಿಯಮ ರಾಜ್ಯದ ಶಾಲೆಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಪುಸ್ತಕ ಬಳಸಿದರೆ ಸವೆಯುತ್ತದೆ, ಕೆಲವು ಕಳೆಯುತ್ತವೆ ಎಂದು ಸರ್ಕಾರವೇ ಒಪ್ಪಿಕೊಂಡ ದಾಖಲೆ ಇದು. ಮೇಲಧಿಕಾರಿಗಳ ಮುಂದಿಟ್ಟು, ನಮ್ಮಲ್ಲೂ ಇಂಥದೊಂದು ಸ್ಪಷ್ಟ ಸೂಚನೆ ಕೊಡಿ ಎಂದು ಕೇಳಬಹುದು. ಅರ್ಧ ದಿನದ ತರಬೇತಿಯಲ್ಲಿ ಈ ಒಂದು ವಿಷಯ ಬಗೆಹರಿದರೂ ಎಷ್ಟೋ ತಿಜೋರಿಗಳು ತೆರೆದುಕೊಳ್ಳುತ್ತವೆ.

ಹಣ ಎಲ್ಲಿಂದ?

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಗ್ರಂಥಾಲಯಕ್ಕೆ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನಕ್ಕೆ ಅವಕಾಶವಿದೆ. ಅದು ಪುಸ್ತಕಕ್ಕೆ. ಶಿಕ್ಷಕರ ತರಬೇತಿಗೆ ಅದೇ ಯೋಜನೆಯಲ್ಲಿ ಬೇರೆ ಶೀರ್ಷಿಕೆಯಿದೆ. ಕರ್ನಾಟಕಕ್ಕೆ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಬಜೆಟ್ ಬಿಗಿಯಾದಾಗ, ಕೇಳುವವರಿಲ್ಲದ ಬಾಬ್ತಿಗೇ ಮೊದಲು ಕತ್ತರಿ ಬೀಳುತ್ತದೆ. ಗ್ರಂಥಾಲಯ ತರಬೇತಿ ಬೇಕೆಂದು ಕೆಳಗಿನಿಂದ ಬರಹದಲ್ಲಿ ಬೇಡಿಕೆ ಹೋಗದಿದ್ದರೆ ಜಿಲ್ಲಾ ಯೋಜನೆಯಲ್ಲಿ ಅದಕ್ಕೆ ಜಾಗ ಸಿಗುವುದು ಕಷ್ಟ.

ಆ ಬರಹದ ದಾರಿಯೇ ಶಾಲಾ ಅಭಿವೃದ್ಧಿ ಯೋಜನೆ. ನಮ್ಮಲ್ಲಿ ಎಸ್‌ಡಿಎಂಸಿಗಳು (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು) 2001ರಿಂದಲೂ ಇವೆ. ಕಾಯ್ದೆಯ 21ನೇ ಕಲಂ ಶಾಲಾ ಸಮಿತಿಗೆ ಕಾನೂನಿನ ಬಲ ಕೊಟ್ಟಿತು. ಅದರ ನಾಲ್ಕನೇ ಮೂರು ಭಾಗ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. 22ನೇ ಕಲಂ ಸಮಿತಿಯು ಶಾಲಾ ಅಭಿವೃದ್ಧಿ ಯೋಜನೆ ತಯಾರಿಸಬೇಕು ಎನ್ನುತ್ತದೆ. ಸರ್ಕಾರದ ಯೋಜನೆಗೂ ಅನುದಾನಕ್ಕೂ ಆ ಯೋಜನೆಯೇ ಆಧಾರವಾಗಬೇಕು ಎಂದೂ ಅಲ್ಲೇ ಇದೆ. ಕೇಂದ್ರದ 2010ರ ನಿಯಮಗಳಂತೆ ಇದು ಮೂರು ವರ್ಷದ ಯೋಜನೆ, ಅದರೊಳಗೆ ಮೂರು ವಾರ್ಷಿಕ ಉಪಯೋಜನೆ. ಅನುದಾನಿತ ಶಾಲೆಗಳ ಸಮಿತಿಗೆ 2012ರ ತಿದ್ದುಪಡಿಯ ನಂತರ ಸಲಹೆ ನೀಡುವ ಅಧಿಕಾರ ಮಾತ್ರ. ಅಲ್ಲಿ ಆಡಳಿತ ಮಂಡಳಿಗೇ ಬರೆದು ಕೇಳಬೇಕು. ಈ ಕಾಯ್ದೆ 8ನೇ ತರಗತಿವರೆಗೆ ಮಾತ್ರ ಎಂಬುದನ್ನು ಪ್ರೌಢಶಾಲೆಯವರು ಗಮನಿಸಬೇಕು.

ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಠರಾವು ಹೀಗಿದ್ದರೆ ಸಾಕು: "ನಮ್ಮ ಶಾಲೆಯ ಗ್ರಂಥಾಲಯವನ್ನು ಮಕ್ಕಳು ವಾರಕ್ಕೊಮ್ಮೆಯಾದರೂ ಬಳಸುವಂತಾಗಲು ಉಸ್ತುವಾರಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ ಎರಡು ದಿನದ ತರಬೇತಿ ಅಗತ್ಯವಿದೆ. ಇದನ್ನು ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೂ ಕಳಿಸಲು ತೀರ್ಮಾನಿಸಲಾಯಿತು." ಅಧ್ಯಕ್ಷರ ಸಹಿ, ಮುಖ್ಯ ಶಿಕ್ಷಕರ ಸಹಿ, ದಿನಾಂಕ ಇರಲಿ. ಕಚೇರಿಗೆ ಕೊಡುವಾಗ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಒಂದು ಶಾಲೆಯ ಠರಾವು ಕಡತದಲ್ಲಿ ಉಳಿಯಬಹುದು. ಒಂದೇ ಸಮೂಹದ ಶಾಲೆಗಳೆಲ್ಲ ಸೇರಿ ಕಳಿಸಿದರೆ ಅದನ್ನು ಬದಿಗಿಡುವುದು ಕಷ್ಟ. ಯುಡೈಸ್ ಮಾಹಿತಿ ತುಂಬುವಾಗ ಪೂರ್ಣಾವಧಿ ಗ್ರಂಥಪಾಲಕರು ಇದ್ದಾರೆಯೇ ಎಂಬ ಕಾಲಮಿನಲ್ಲೂ ಸತ್ಯವನ್ನೇ ತುಂಬಿ. ಉಸ್ತುವಾರಿ ಶಿಕ್ಷಕರನ್ನೇ ಗ್ರಂಥಪಾಲಕರೆಂದು ತೋರಿಸಿದರೆ ಕೊರತೆಯೇ ಕಾಣದಂತಾಗುತ್ತದೆ.

ಖರ್ಚೇ ಇಲ್ಲದ ದಾರಿಗಳೂ ಇವೆ. ಸಿಆರ್‌ಪಿಗಳು (ಸಮೂಹ ಸಂಪನ್ಮೂಲ ವ್ಯಕ್ತಿಗಳು) ನಡೆಸುವ ಸಮೂಹ ಸಮಾಲೋಚನಾ ಸಭೆಯ ಒಂದು ಅವಧಿಯನ್ನು ಗ್ರಂಥಾಲಯಕ್ಕೆ ಮೀಸಲಿಡಿ ಎಂದು ಮನವಿ ಕೊಡಬಹುದು. ತಾಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯದವರನ್ನು, ಪದವಿ ಕಾಲೇಜಿನ ಗ್ರಂಥಪಾಲಕರನ್ನು ಸಂಪನ್ಮೂಲ ವ್ಯಕ್ತಿಗಳಾಗಿ ಕರೆಯಬಹುದು. ರಾಮದುರ್ಗದ ಶಿಕ್ಷಕಿಯೊಬ್ಬರು ತರಬೇತಿಗೆಂದು ಸುಮಾರು ನೂರು ಕಿಲೋಮೀಟರು ದೂರದ ಬೆಳಗಾವಿಗೆ ಹೋಗಿ ಬರುವುದಕ್ಕಿಂತ ಇದು ಎಷ್ಟೋ ಮೇಲು. ದೀಕ್ಷಾ ವೇದಿಕೆ, ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಎರಡೂ ಉಚಿತ. ಇನ್ನೂ ಆಳವಾಗಿ ಕಲಿಯುವವರಿಗೆ ಇಗ್ನೋ ಗ್ರಂಥಾಲಯ ವಿಜ್ಞಾನದಲ್ಲಿ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಕೊಡುತ್ತದೆ. ಸ್ವಂತ ಆಸಕ್ತಿಯಿಂದ ಸೇರುವ ಸರ್ಕಾರಿ ನೌಕರರು ಮೇಲಧಿಕಾರಿಯ ಪೂರ್ವಾನುಮತಿಯನ್ನು ಬರಹದಲ್ಲಿ ಪಡೆಯಲಿ. ಇಲಾಖೆಯೇ ಆದೇಶ ಹೊರಡಿಸಿ ಕಳಿಸಿದ ತರಬೇತಿಯಾದರೆ ಮಾತು ಬೇರೆ. ಆ ಅವಧಿ ಕರ್ತವ್ಯದ ಅವಧಿಯೇ. ಅದನ್ನು ಸಾಂದರ್ಭಿಕ ರಜೆಯಲ್ಲಿ ಕಳೆಯುವಂತಿಲ್ಲ. ಹಾಜರಾತಿ ಪ್ರಮಾಣಪತ್ರವನ್ನು ತಪ್ಪದೆ ತನ್ನಿ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರನ್ನೂ ಇಲ್ಲಿ ನೆನೆಯಬೇಕು. 2019ರಲ್ಲಿ ಈ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಮರುವರ್ಷ 'ಓದುವ ಬೆಳಕು' ಅಭಿಯಾನದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಈಗ ಅವು ಅರಿವು ಕೇಂದ್ರಗಳು. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣವೂ ಗ್ರಂಥಾಲಯವೂ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳು. ಶಾಲೆಯ ಉಸ್ತುವಾರಿ ಶಿಕ್ಷಕರಿಗೂ ಅರಿವು ಕೇಂದ್ರದ ಮೇಲ್ವಿಚಾರಕರಿಗೂ ಒಟ್ಟಿಗೇ ತರಬೇತಿ ಕೊಡಿ ಎಂದು ಗ್ರಾಮಸಭೆಯಲ್ಲಿ, ಮಕ್ಕಳ ಗ್ರಾಮಸಭೆಯಲ್ಲಿ ಬೇಡಿಕೆ ಇಡಬಹುದು. ಮಕ್ಕಳು ಎರಡೂ ಕಡೆ ಹೋಗುವವರೇ.

ಉತ್ತರ ಬಾರದಿದ್ದರೆ

ಮಾಹಿತಿ ಹಕ್ಕು ಕಾಯ್ದೆ, 2005ರಡಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. "ತರಬೇತಿ ಯಾಕೆ ಕೊಟ್ಟಿಲ್ಲ?" ಎಂದು ಕೇಳಬೇಡಿ, ಕಾರಣ ವಿವರಿಸುವುದು ಅವರ ಹೊಣೆಯಲ್ಲ. ದಾಖಲೆ ಕೇಳಿ: "ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ತಾಲೂಕಿನ ಶಾಲಾ ಗ್ರಂಥಾಲಯ ಉಸ್ತುವಾರಿ ಶಿಕ್ಷಕರಿಗೆ ನಡೆದ ತರಬೇತಿಗಳ ಸುತ್ತೋಲೆ, ಹಾಜರಾತಿ ಪಟ್ಟಿ ಹಾಗೂ ಖರ್ಚಿನ ವಿವರದ ದೃಢೀಕೃತ ಪ್ರತಿ." ಗ್ರಂಥಾಲಯ ಅನುದಾನದ ವಿವರ ಬೇಕಿದ್ದರೆ ಇನ್ನೊಂದು ಅರ್ಜಿ ಹಾಕುವುದು ಕ್ಷೇಮ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ.

ಗ್ರಂಥಾಲಯಕ್ಕೆ ವರ್ಷವಿಡೀ ಬೀಗ ಬಿದ್ದಿದ್ದರೆ ಅದು ಮಗುವಿನ ಹಕ್ಕಿನ ಪ್ರಶ್ನೆ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮಿನಡಿ ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ದೂರಿನ ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗೂ ಇನ್ನೊಂದು ಗ್ರಾಮ ಪಂಚಾಯಿತಿಗೂ ಇರಲಿ. ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಇಲ್ಲಿ ಒಂದು ಮಾತು: ದೂರು ಉಸ್ತುವಾರಿ ಶಿಕ್ಷಕರ ಮೇಲಾಗದಿರಲಿ. ತರಬೇತಿಯನ್ನೂ ಸಮಯವನ್ನೂ ಕೊಡದೆ ಹೊಣೆ ಮಾತ್ರ ಹೊರಿಸಿರುವ ವ್ಯವಸ್ಥೆಯ ಬಗ್ಗೆ ಇರಲಿ. ಪರಿಹಾರವಾಗಿ ತರಬೇತಿಯನ್ನೇ ಕೇಳಿ.

ಕಳೆದ ಪುಸ್ತಕಕ್ಕೆ ವೇತನದಲ್ಲಿ ಕಡಿತ ಮಾಡಿದರೆ, ಮೊದಲು ನೋಟಿಸು ಕೊಟ್ಟು ವಿವರಣೆ ಕೇಳಿದ್ದರೇ ಎಂದು ನೋಡಿ. ಕೇಳದೆ ಕಡಿತ ಮಾಡಿದ್ದರೆ ಅದು ಸಹಜ ನ್ಯಾಯಕ್ಕೆ ವಿರುದ್ಧ. ಸರ್ಕಾರಿ ನೌಕರರು ಇಲಾಖಾ ಮೇಲ್ಮನವಿಯ ನಂತರ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು, ಅದರ ಪೀಠ ಬೆಳಗಾವಿಯಲ್ಲೇ ಇದೆ.

ಅರ್ಜಿ ಬರೆಯಲು ನೆರವು ಬೇಕಾದವರು ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಸಹಾಯವಾಣಿ ಸಂಖ್ಯೆ 15100. ಮುಂದಿನ ವರ್ಷದ ಯೋಜನೆ ಮಾರ್ಚ್‌ಗೆ ಮೊದಲೇ ಸಿದ್ಧವಾಗಬೇಕಾಗಿರುವುದರಿಂದ ಠರಾವನ್ನು ಡಿಸೆಂಬರಿನ ಎಸ್‌ಡಿಎಂಸಿ ಸಭೆಯಲ್ಲೇ ಮಾಡಿಸಿ.