ದೂರದ ಸಭೆಯೂ ಮಾತಿನ ಸರದಿಯೂ

ನಾಲ್ವರು ಗೆಳೆಯರು ಜಗುಲಿಯ ಮೇಲೆ ಕುಳಿತು ಮಾತನಾಡುತ್ತಿರುವುದನ್ನು ತುಸು ದೂರದಿಂದ ಗಮನಿಸೋಣ. ಅಲ್ಲಿ ಅಧ್ಯಕ್ಷರಿಲ್ಲ; ಕೈಯೆತ್ತಿ ಅಪ್ಪಣೆ ಬೇಡುವವರಿಲ್ಲ. ಆದರೂ ಒಬ್ಬನ ಮಾತು ಮುಗಿಯುತ್ತಲೇ ಇನ್ನೊಬ್ಬನದು ಮೊದಲಾಗುತ್ತದೆ. ಇಬ್ಬರ ಮಾತು ಒಂದರ ಮೇಲೊಂದು ಬಿದ್ದರೂ ಅರೆಗಳಿಗೆಯಲ್ಲಿ ತಾನಾಗಿ ಸರಿಹೋಗುತ್ತದೆ. ಅದೇ ನಾಲ್ವರು ನಾಲ್ಕು ಊರುಗಳಲ್ಲಿ ಕುಳಿತು ಕಂಪ್ಯೂಟರಿನ ತೆರೆಯ ಮೇಲೆ ಸಭೆ ಸೇರಲಿ: "ನೀವು ಹೇಳಿ", "ಇಲ್ಲ, ನೀವೇ ಹೇಳಿ" ಎಂಬ ಉಪಚಾರದಲ್ಲಿಯೇ ಕಾಲ ಕಳೆಯುತ್ತದೆ. ಮನುಷ್ಯರು ಅವರೇ, ಭಾಷೆಯೂ ಅದೇ. ಹಾಗಾದರೆ ಬದಲಾದುದೇನು?

2020ರ ಕೊರೋನಾ ಪಿಡುಗಿನ ಕಾಲದಲ್ಲಿ ಕಚೇರಿಯ ಕೆಲಸ ಮನೆಯೊಳಕ್ಕೆ ಬಂದಿತು. ಪಿಡುಗು ಇಳಿದ ಮೇಲೂ ಅದರಲ್ಲೊಂದು ಪಾಲು ಅಲ್ಲಿಯೇ ಉಳಿಯಿತು. ಇಂದು ಕಾಲೇಜಿನಲ್ಲಿರುವ ಅನೇಕರು ನಾಳೆ ಇಂಥ ಸಭೆಗಳಲ್ಲಿ ತಮ್ಮ ಮಾತನ್ನು ಸಲ್ಲಿಸಬೇಕಾದವರು. ಆದುದರಿಂದ ಈ ತೊಡಕಿನ ಮೂಲವನ್ನು ಅರಿಯುವುದು ಲೇಸು.

ಮೊದಲು ಸಹಜ ಸಂಭಾಷಣೆಯ ವೇಗವನ್ನು ತಿಳಿಯಬೇಕು. ಭಾಷಾವಿಜ್ಞಾನಿ ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು ಜಪಾನಿ, ಡೇನಿಷ್, ಇಂಗ್ಲಿಷ್, ಲಾವೋ ಮೊದಲಾದ ಹತ್ತು ಭಾಷೆಗಳ ಮಾತುಕತೆಗಳನ್ನು ಅಳೆದು 2009ರಲ್ಲಿ ಪ್ರಕಟಿಸಿದರು. ಕನ್ನಡ ಆ ಹತ್ತರಲ್ಲಿ ಇರಲಿಲ್ಲವೆಂಬುದು ನಮಗೆ ತುಸು ಕೊರತೆಯೇ. ಪ್ರಶ್ನೆ ಮುಗಿದು ಉತ್ತರ ಹೊರಡುವವರೆಗಿನ ಬಿಡುವು ಸರಾಸರಿಯಲ್ಲಿ ಸುಮಾರು 200 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐದನೆಯ ಒಂದು ಪಾಲು, ಎಂದು ಕಂಡುಬಂದಿತು. ಇದು ಎಷ್ಟು ಸ್ವಲ್ಪವೆಂಬುದನ್ನು ಹೀಗೆ ತಿಳಿಯಬಹುದು: ಒಂದು ಚಿತ್ರವನ್ನು ಕಂಡು ಅದರ ಹೆಸರನ್ನು ನುಡಿಯುವುದಕ್ಕೇ ನಮಗೆ ಸುಮಾರು 600 ಮಿಲಿಸೆಕೆಂಡು ಬೇಕು. ಎಂದರೆ, ಕೇಳುವವನು ಮಾತು ಮುಗಿಯುವವರೆಗೆ ಕಾದು ಅನಂತರ ಯೋಚಿಸುವುದಿಲ್ಲ. ಎದುರಿನವನ ಪದಗಳಿಂದಲೂ ವಾಕ್ಯದ ರಚನೆಯಿಂದಲೂ ಮಾತಿನ ಕೊನೆಯನ್ನು ಮೊದಲೇ ಊಹಿಸಿ, ಉತ್ತರವನ್ನು ತುಟಿಯ ಮೇಲೆ ಸಿದ್ಧವಾಗಿಟ್ಟುಕೊಂಡಿರುತ್ತಾನೆ.

ಇಷ್ಟು ನವುರಾದ ಹೊಂದಿಕೆಯ ನಡುವೆ ತಂತಿಯನ್ನು ತಂದರೆ ಏನಾಗುವುದು? ಬೆಳಕು ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಹೋಗುತ್ತದೆ. ಗಾಜಿನ ಎಳೆಯೊಳಗೆ ಸುಮಾರು 2 ಲಕ್ಷ ಮಾತ್ರ. ಬೆಂಗಳೂರಿಗೂ ಕ್ಯಾಲಿಫೋರ್ನಿಯಕ್ಕೂ ನೇರದಾರಿಯೇ ಸುಮಾರು 14,000 ಕಿಲೋಮೀಟರು; ಅದಕ್ಕೆ 70 ಮಿಲಿಸೆಕೆಂಡು. ಆದರೆ ತಂತಿ ನೇರವಾಗಿ ಹೋಗುವುದಿಲ್ಲ. ಚೆನ್ನೈ ಅಥವಾ ಮುಂಬಯಿಯ ಕರಾವಳಿಯಲ್ಲಿ ಕಡಲಿಗಿಳಿದು ಸುತ್ತಿಕೊಂಡು ಹೋಗುತ್ತದೆ. ಇದಲ್ಲದೆ ಯಂತ್ರವು ದನಿಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಕತ್ತರಿಸಿ ಕಳುಹಿಸುತ್ತದೆ. ತುಂಡುಗಳು ಹಿಂದುಮುಂದಾಗಿ ಬಂದರೆ ಜೋಡಿಸಬೇಕಲ್ಲವೆ? ಅದಕ್ಕಾಗಿ ಆಚೆಯ ಯಂತ್ರ ಸ್ವಲ್ಪ ಕಾಯುತ್ತದೆ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆಗೆ ಬಾಧೆಯಿಲ್ಲವೆಂದೂ 400ನ್ನು ಮೀರತಕ್ಕದ್ದಲ್ಲವೆಂದೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಉಂಟು.

ಈ ವಿಳಂಬವನ್ನು ವಾಚಕರು ಯಾವ ಉಪಕರಣವೂ ಇಲ್ಲದೆ ಅಳೆಯಬಹುದು. ಇಬ್ಬರು ಮಿತ್ರರು ಎದುರೆದುರು ಕುಳಿತು 1ರಿಂದ 20ರವರೆಗೆ ಎಣಿಸಲಿ: ಒಬ್ಬನು "ಒಂದು" ಎಂದರೆ ಇನ್ನೊಬ್ಬನು "ಎರಡು" ಎನ್ನಬೇಕು, ಒಂದಿಷ್ಟೂ ತಡೆಯದೆ. ಮೊದಲಿಗನು ಗಡಿಯಾರ ನೋಡಿ ಕಾಲವನ್ನು ಗುರುತಿಸಿಕೊಳ್ಳಲಿ. ಅನಂತರ ಇಬ್ಬರೂ ಬೇರೆ ಬೇರೆ ಮನೆಗಳಿಂದ ವೀಡಿಯೋ ಕರೆಯಲ್ಲಿ ಅದನ್ನೇ ಮಾಡಲಿ. ತಾನು "ಒಂದು" ಎಂದಲ್ಲಿಂದ "ಇಪ್ಪತ್ತು" ಕಿವಿಗೆ ಬೀಳುವವರೆಗಿನ ಕಾಲದಲ್ಲಿ ದನಿ ಇಪ್ಪತ್ತು ಸಲ ತಂತಿಯನ್ನು ದಾಟಿರುತ್ತದೆ. ಎರಡು ಕಾಲಗಳ ವ್ಯತ್ಯಾಸವನ್ನು 20ರಿಂದ ಭಾಗಿಸಿದರೆ ಒಂದು ದಿಕ್ಕಿನ ವಿಳಂಬ ದೊರೆಯುತ್ತದೆ. 5 ಸೆಕೆಂಡು ಹೆಚ್ಚಾಗಿದ್ದರೆ ವಿಳಂಬ 250 ಮಿಲಿಸೆಕೆಂಡು.

ಈ 250 ದೊಡ್ಡದೇನಲ್ಲ ಎನ್ನಿಸಬಹುದು. ಆದರೆ ಪ್ರಶ್ನೆ ಕೇಳಿದವನ ಕಿವಿಗೆ ಅದು ಹೇಗೆ ಕೇಳಿಸುತ್ತದೆ? ಹೋಗಲು 250, ಸಹಜ ಬಿಡುವು 200, ಬರಲು 250. ಒಟ್ಟು 700 ಮಿಲಿಸೆಕೆಂಡಿನ ಮೌನ. ನಿತ್ಯಜೀವನದಲ್ಲಿ ಇಷ್ಟು ಹೊತ್ತಿನ ಮೌನಕ್ಕೆ ಅರ್ಥವುಂಟು. "ನಾಳೆ ನಮ್ಮ ಮನೆಗೆ ಬರುತ್ತೀರಾ?" ಎಂದು ಕೇಳಿದಾಗ ಎದುರಿನವರು ಅಷ್ಟು ತಡೆದರೆ, ಅವರು ಬಾಯಿ ಬಿಡುವ ಮೊದಲೇ ಉತ್ತರ 'ಇಲ್ಲ' ಎಂದು ನಮಗೆ ತಿಳಿದಿರುತ್ತದೆ. ಹಾಗೆಯೇ ತಂತಿಯ ಮೌನವೂ ಅನಾಸಕ್ತಿಯೆಂದೋ ಮಂದತನವೆಂದೋ ಕೇಳಿಸುತ್ತದೆ. ಜರ್ಮನಿಯ ಸಂಶೋಧಕರು ಕರೆಗಳಲ್ಲಿ ಕೃತಕವಾಗಿ ವಿಳಂಬವನ್ನು ಸೇರಿಸಿ ನಡೆಸಿದ ಪ್ರಯೋಗಗಳು 2014ರಲ್ಲಿ ಪ್ರಕಟವಾದುವು. ಅವುಗಳಲ್ಲಿ ಭಾಗವಹಿಸಿದವರು ತೊಡಕನ್ನು ತಂತಿಗೆ ಹೊರಿಸದೆ, ಆಚೆಯವರಿಗೆ ಗಮನ ಸಾಲದೆಂದು ಎಣಿಸಿದರು. ಯಂತ್ರದ ಸಾಲವನ್ನು ಮನುಷ್ಯನ ಲೆಕ್ಕಕ್ಕೆ ಬರೆದಂತಾಯಿತು! ಉದ್ಯೋಗಕ್ಕೆ ಹೊಸದಾಗಿ ಸೇರಿದ ತರುಣನ ಯೋಗ್ಯತೆಯನ್ನು ಮೇಲಧಿಕಾರಿಯು ಅಳೆಯುವುದು ಇಂಥ ಕರೆಗಳಲ್ಲಿಯೇ ಆದರೆ, ಈ ತಪ್ಪು ಅಲ್ಪವಾದುದಲ್ಲ.

ಎಲ್ಲಕ್ಕಿಂತ ಹೆಚ್ಚಿನ ಅನ್ಯಾಯ ನಡೆಯುವುದು ಮಿಶ್ರಸಭೆಯಲ್ಲಿ. ಆರು ಮಂದಿ ಒಂದೇ ಕೋಣೆಯಲ್ಲಿ ಮೇಜಿನ ಸುತ್ತ ಕುಳಿತಿದ್ದಾರೆ. ಏಳನೆಯವಳು ಸಮುದ್ರದಾಚೆ ತನ್ನ ಮನೆಯಲ್ಲಿದ್ದಾಳೆ. ಕೋಣೆಯಲ್ಲಿ ಒಬ್ಬರ ಮಾತು ಮುಗಿದು 200 ಮಿಲಿಸೆಕೆಂಡಿನಲ್ಲಿ ಇನ್ನೊಬ್ಬರು ಆರಂಭಿಸುತ್ತಾರೆ. ಅವಳಿಗಾದರೋ ಮಾತು ಮುಗಿದುದು ತಿಳಿಯುವುದೇ 250ಕ್ಕೆ. ಅವಳು ತಡೆಯದೆ ಬಾಯಿ ತೆರೆದರೂ ದನಿ ಕೋಣೆಯನ್ನು ಮುಟ್ಟುವುದು 700ಕ್ಕೆ. ಅಷ್ಟರಲ್ಲಿ ಮೇಜಿನ ಸುತ್ತ ಸರದಿ ಕೈಬದಲಾಗಿ ಅರ್ಧ ಸೆಕೆಂಡಾಗಿರುತ್ತದೆ. ಅವಳು ಎಷ್ಟೇ ಚುರುಕಾಗಿದ್ದರೂ ಈ ಓಟದಲ್ಲಿ ಗೆಲ್ಲುವಂತಿಲ್ಲ. "ಆಕೆ ಸಭೆಯಲ್ಲಿ ಮಾತನಾಡುವುದೇ ಇಲ್ಲ" ಎಂಬ ದೂರನ್ನು ಕೇಳಿದಾಗ ನಾವು ಈ ಲೆಕ್ಕವನ್ನು ನೆನೆಯಬೇಕು. ಇದಕ್ಕೆ ಪರಿಹಾರ ಸುಲಭ: ಪ್ರತಿ ವಿಷಯಕ್ಕೂ ದೂರದವರನ್ನು ಹೆಸರು ಹಿಡಿದು ಮೊದಲು ಕೇಳುವುದು. ಇಲ್ಲವೆ, ಒಬ್ಬರು ದೂರದಲ್ಲಿದ್ದರೂ ಎಲ್ಲರೂ ತಂತಮ್ಮ ಯಂತ್ರದ ಮುಂದೆ ಬೇರೆ ಬೇರೆಯಾಗಿ ಕುಳಿತು ಆ ವಿಳಂಬವನ್ನು ಸಮನಾಗಿ ಹಂಚಿಕೊಳ್ಳುವುದು.

ಎರಡು ದನಿ ಡಿಕ್ಕಿ ಹೊಡೆಯುವ ತೊಂದರೆಯನ್ನು ಯಂತ್ರಗಳೂ ಅನುಭವಿಸಿವೆ. 1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ಕಂಪ್ಯೂಟರ್ ಕೇಂದ್ರಗಳನ್ನು ರೇಡಿಯೋ ಮೂಲಕ ಕೂಡಿಸಿದಾಗ, ಎರಡು ಕೇಂದ್ರಗಳು ಒಮ್ಮೆಗೇ ಕಳುಹಿಸಿದ ಸಂದೇಶಗಳು ಕೆಡುತ್ತಿದ್ದುವು. ಪ್ರತಿಯೊಂದೂ ಮನಬಂದಷ್ಟು ಹೊತ್ತು, ಒಂದು ಸಲದಂತೆ ಇನ್ನೊಂದು ಸಲ ಅಲ್ಲದೆ, ಕಾದು ಮತ್ತೆ ಕಳುಹಿಸಬೇಕೆಂಬುದು ಅಲ್ಲಿನ ನಿಯಮ. ಮನುಷ್ಯರು ಸೌಜನ್ಯದಿಂದ ಇಬ್ಬರೂ ಸಮನಾಗಿ ಕಾಯುತ್ತಾರೆ. ಆದುದರಿಂದಲೇ ಮತ್ತೆ ಡಿಕ್ಕಿ! ನಮಗೆ ಅದೃಷ್ಟದಾಟಕ್ಕಿಂತ ಸರದಿ ಕೂಗುವ ಅಧ್ಯಕ್ಷನೇ ಮೇಲು. ಮೂವರಿಗಿಂತ ಹೆಚ್ಚು ಮಂದಿ ಸೇರಿದ ಕರೆಗೆ ಅಂಥವನೊಬ್ಬನು ಇರಲೇಬೇಕೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಯಾವುದಕ್ಕೆ ಸಭೆ, ಯಾವುದಕ್ಕೆ ಬರಹ? ಮೆಲನಿ ಬ್ರಕ್ಸ್ ಮತ್ತು ಜೊನಾಥನ್ ಲೆವಾವ್ ಎಂಬವರು 2022ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತೆರೆಯ ಮೂಲಕ ಕೂಡಿದ ಜೋಡಿಗಳು ಎದುರೆದುರು ಕುಳಿತ ಜೋಡಿಗಳಿಗಿಂತ ಕಡಿಮೆ ಹೊಸ ವಿಚಾರಗಳನ್ನು ಹೊಳೆಯಿಸಿದರು. ಆದರೆ ಇದ್ದ ವಿಚಾರಗಳಲ್ಲಿ ಒಳ್ಳೆಯದನ್ನು ಆರಿಸುವುದರಲ್ಲಿ ಹಿಂದೆ ಬೀಳಲಿಲ್ಲ. ಕಣ್ಣು ತೆರೆಗೆ ಅಂಟಿಕೊಂಡಾಗ ಮನಸ್ಸಿನ ಅಲೆದಾಟವೂ ಕಿರಿದಾಗುತ್ತದೆಂದು ಅವರ ವಿವರಣೆ. ಇದರಿಂದ ನಾವು ತೆಗೆಯಬಹುದಾದ ನೀತಿ: ವಿಚಾರಗಳನ್ನು ಪ್ರತಿಯೊಬ್ಬರೂ ಮೊದಲೇ ಬರೆದು ತರಲಿ, ಕರೆಯಲ್ಲಿ ಆರಿಸಲಿ. ಮೊದಲೇ ಓದಿ ಬನ್ನಿ ಎಂದರೆ ಓದುವವರು ಕಡಿಮೆ, ಓದಿದೆವೆನ್ನುವವರು ಹೆಚ್ಚು. ಅಮೆಜಾನ್ ಕಂಪನಿಯಲ್ಲಿ ಜೆಫ್ ಬೆಜೋಸ್ ಅವರು ಇದಕ್ಕೆ ಮದ್ದು ಕಂಡರು: ಆರು ಪುಟದ ಬರಹವನ್ನು ಸಭೆಯ ಆರಂಭದಲ್ಲಿಯೇ ಎಲ್ಲರೂ ಮೌನವಾಗಿ ಓದತಕ್ಕದ್ದು, ಅನಂತರವೇ ಚರ್ಚೆ.

ಬರಹಕ್ಕೆ ಇನ್ನೊಂದು ಗುಣವುಂಟು, ಅದು ನಿದ್ದೆಗೆಡಿಸುವುದಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರವನ್ನು ತೆರೆದು ಉಪಗ್ರಹದ ಮೂಲಕ ಅಮೆರಿಕದೊಡನೆ ಸಂಪರ್ಕ ಕಲ್ಪಿಸಿತು. ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವುದರಿಂದ ಸಂಕೇತ ಏರಿ ಇಳಿಯುವುದಕ್ಕೇ ಕಾಲು ಸೆಕೆಂಡು ಹಿಡಿಯುತ್ತದೆ. ಅನಂತರ ಗಾಜಿನ ಎಳೆ ಬಂದು ಈ ಸೆಕೆಂಡಿನ ಪಾಲು ತಗ್ಗಿತು. ಗಡಿಯಾರದ ಅಂತರ ತಗ್ಗಲಿಲ್ಲ. ಆ ಕಂಪನಿಯ ಮೂಲಸ್ಥಾನವಾದ ಡಲ್ಲಾಸಿನಲ್ಲಿ ಬೆಳಗಿನ 9 ಗಂಟೆಯೆಂದರೆ ಚಳಿಗಾಲದಲ್ಲಿ ನಮಗೆ ರಾತ್ರಿ 8-30. ಅವರು ಗಡಿಯಾರವನ್ನು ಮುಂದಿಡುವ ಬೇಸಗೆಯಲ್ಲಿ 7-30. ಸಭೆಯ ಹೊತ್ತನ್ನು ಒಂದೇ ಕಡೆಯವರು ಗೊತ್ತುಮಾಡಿದರೆ ಊಟದ ಹೊತ್ತನ್ನು ಬಿಡುವವರೂ ಯಾವಾಗಲೂ ಒಂದೇ ಕಡೆಯವರಾಗುತ್ತಾರೆ. ಒಂದು ತಿಂಗಳು ಇವರ ರಾತ್ರಿ, ಮುಂದಿನ ತಿಂಗಳು ಅವರ ರಾತ್ರಿ ಎಂದು ಸರದಿ ಇಟ್ಟುಕೊಳ್ಳುವುದು ನ್ಯಾಯ. ಹಾಗೆ ಸರದಿಯಿಟ್ಟ ಮೇಲೆ, ಸಭೆಗೆ ತರಲೇಬೇಕಾದ ವಿಷಯಗಳು ಎಷ್ಟು ಕಡಿಮೆಯೆಂಬುದು ಎರಡು ಕಡೆಯವರಿಗೂ ಬೇಗನೆ ತಿಳಿಯುತ್ತದೆ.