ಕಬುಕಿಯಿಂದ ಮಾಂಗಾವರೆಗೆ: ಜಪಾನಿ ಸಂಸ್ಕೃತಿಪ್ರಿಯರಿಗೆ ಪ್ರವಾಸ ಮಾರ್ಗದರ್ಶಿ

ಜಪಾನಿನ ಕಲೆ ಮತ್ತು ಆಚರಣೆಗಳನ್ನು ನೋಡಲೆಂದೇ ಹೊರಡುವವರು ಊರುಗಳ ಪಟ್ಟಿ ಮಾಡುವ ಮೊದಲು ದಿನಾಂಕಗಳನ್ನು ಗೊತ್ತುಮಾಡಿಕೊಳ್ಳಬೇಕು. ಟೋಕಿಯೊದಲ್ಲಿ ಸುಮೋ ಮಹಾಪಂದ್ಯಾವಳಿ ನಡೆಯುವುದು ವರ್ಷಕ್ಕೆ ಮೂರೇ ಬಾರಿ. ಒಸಾಕಾದ ಬುನ್ರಾಕು ಗೊಂಬೆಯಾಟ ವರ್ಷದ ಕೆಲವು ತಿಂಗಳು ಮಾತ್ರ ಇರುತ್ತದೆ. ಅನಿಮೆ ಸ್ಟುಡಿಯೊ ಗಿಬ್ಲಿಯ ಮ್ಯೂಸಿಯಂನ ಟಿಕೆಟ್ ಬಾಗಿಲಲ್ಲಿ ಸಿಗುವುದೇ ಇಲ್ಲ. ದೇವಾಲಯ, ಉದ್ಯಾನಗಳನ್ನು ಯಾವಾಗ ಬೇಕಾದರೂ ನೋಡಬಹುದು. ಪ್ರದರ್ಶನ ಮತ್ತು ಉತ್ಸವಗಳು ಪ್ರವಾಸಿಗರಿಗಾಗಿ ಕಾಯುವುದಿಲ್ಲ.

ಯಾವಾಗ ಹೋಗುವುದು

ಟೋಕಿಯೊ, ಕ್ಯೋಟೊಗಳಲ್ಲಿ ಚೆರ್ರಿ ಹೂ ಅರಳುವುದು ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ. ಕ್ಯೋಟೊದಲ್ಲಿ ಎಲೆಗಳು ಕೆಂಪಾಗುವುದು ನವೆಂಬರ್ ನಡುವಿನಿಂದ ಡಿಸೆಂಬರ್ ಆರಂಭದವರೆಗೆ. ಎರಡೂ ಕಾಲದಲ್ಲಿ ಕೊಠಡಿಗಳ ಬೆಲೆ ಏರುತ್ತದೆ, ಜನಸಂದಣಿಯೂ ಹೆಚ್ಚು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಸಾಲುರಜೆ, ಆಗಸ್ಟ್ ನಡುವಿನ ಓಬೊನ್ ಹಬ್ಬ ಮತ್ತು ಹೊಸವರ್ಷದ ದಿನಗಳಲ್ಲಿ ಜಪಾನಿಗರೇ ಊರೂರು ತಿರುಗುವುದರಿಂದ ರೈಲುಗಳು ತುಂಬಿರುತ್ತವೆ. ಜೂನ್‌ನಿಂದ ಜುಲೈ ನಡುವಿನವರೆಗೆ ಮಳೆ, ಆಮೇಲೆ ಸೆಕೆ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಚಂಡಮಾರುತದ ಭಯ. ಆದರೂ ಕ್ಯೋಟೊದ ಗಿಯೋನ್ ಉತ್ಸವ ನೋಡಬೇಕಾದವರು ಜುಲೈಯಲ್ಲೇ ಹೋಗಬೇಕು. 869ರಲ್ಲಿ ಸಾಂಕ್ರಾಮಿಕ ರೋಗ ಶಮನಕ್ಕೆಂದು ಆರಂಭವಾದ ಈ ಉತ್ಸವದ ತೇರುಗಳ ಮೆರವಣಿಗೆ ಜುಲೈ 17 ಮತ್ತು 24ರಂದು ಸಾಗುತ್ತದೆ. ಹವೆ, ಪ್ರದರ್ಶನ, ಖರ್ಚು ಮೂರನ್ನೂ ಸರಿದೂಗಿಸಬೇಕೆಂದರೆ ಮೇ ನಡುವಿನ ದಿನಗಳು ಅನುಕೂಲ. ಟೋಕಿಯೊದಲ್ಲಿ ಸುಮೋ ಕೂಡ ಆಗಲೇ ನಡೆಯುತ್ತದೆ.

ಪ್ರಯಾಣ ಮತ್ತು ಓಡಾಟ

ಭಾರತೀಯ ಪಾಸ್‌ಪೋರ್ಟ್ ಇರುವವರು ಹೊರಡುವ ಮೊದಲೇ ವೀಸಾ ಪಡೆದಿರಬೇಕು. ಬೆಂಗಳೂರಿನಿಂದ ಟೋಕಿಯೊದ ನರಿತಾ ನಿಲ್ದಾಣಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ಒಸಾಕಾದ ಕನ್ಸಾಯ್ ನಿಲ್ದಾಣದಿಂದ ಮರಳುವವರು ನಡುವೆ ಒಂದು ಕಡೆ ವಿಮಾನ ಬದಲಿಸಬೇಕಾಗುತ್ತದೆ, ಆದರೆ ಟೋಕಿಯೊಗೆ ವಾಪಸು ಬರುವ ರೈಲುಖರ್ಚು ಉಳಿಯುತ್ತದೆ.

ಟೋಕಿಯೊದಿಂದ ಕ್ಯೋಟೊಗೆ ಅತಿವೇಗದ ನೊಜೊಮಿ ಶಿಂಕಾನ್‌ಸೆನ್‌ನಲ್ಲಿ ಸುಮಾರು ಎರಡೂಕಾಲು ಗಂಟೆಯ ದಾರಿ. ಒಂದು ಕಡೆಯ ದರ ಸುಮಾರು 14,000 ಯೆನ್. ವಿದೇಶಿ ಪ್ರವಾಸಿಗರಿಗೆ ಮೀಸಲಾದ ಏಳು ದಿನದ ಜಪಾನ್ ರೈಲ್ ಪಾಸ್‌ನ ಬೆಲೆ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಹಾಗಾಗಿ ಟೋಕಿಯೊ–ಕ್ಯೋಟೊ ನಡುವೆ ಮಾತ್ರ ಹೋಗಿಬರುವವರಿಗೆ ಪಾಸ್ ನಷ್ಟ, ಬಿಡಿ ಟಿಕೆಟ್ಟೇ ಅಗ್ಗ. ಹಿರೋಶಿಮಾದಂಥ ದೂರದ ಊರುಗಳನ್ನೂ ಒಂದೇ ವಾರದಲ್ಲಿ ಸೇರಿಸುವವರು ಮಾತ್ರ ಲೆಕ್ಕ ಹಾಕಿ ನೋಡಬಹುದು. ಊರೊಳಗಿನ ರೈಲು, ಬಸ್ಸುಗಳಿಗೆ ಸುಯಿಕಾ ಅಥವಾ ಇಕೋಕಾ ಕಾರ್ಡ್ ಸಾಕು. ದೊಡ್ಡ ಸೂಟ್‌ಕೇಸ್‌ಗಳನ್ನು ಒಂದು ಹೋಟೆಲಿನಿಂದ ಇನ್ನೊಂದಕ್ಕೆ ಮುಟ್ಟಿಸುವ ತಕ್ಯುಬಿನ್ ಸೇವೆ ಎಲ್ಲೆಡೆ ಇದೆ. ಸಾಮಾನು ಸಾಮಾನ್ಯವಾಗಿ ಮರುದಿನ ತಲುಪುತ್ತದೆ.

ರಂಗಕಲೆ ಮತ್ತು ಸುಮೋ

ಕಬುಕಿ ನೋಡಲು ಟೋಕಿಯೊದ ಗಿಂಜಾದಲ್ಲಿರುವ ಕಬುಕಿ-ಜಾ ರಂಗಮಂದಿರ ಮುಖ್ಯ ಸ್ಥಳ. 1889ರಲ್ಲಿ ಸ್ಥಾಪನೆಯಾದ ಈ ರಂಗಮಂದಿರದ ಈಗಿನ ಕಟ್ಟಡ ತೆರೆದದ್ದು 2013ರಲ್ಲಿ. ಪೂರ್ಣ ಪ್ರದರ್ಶನ ಕೆಲವು ಗಂಟೆ ನಡೆಯುತ್ತದೆ. ಅಷ್ಟು ಹೊತ್ತು ಕೂರಲಾಗದವರು ನಾಲ್ಕನೆಯ ಮಹಡಿಯಿಂದ ಒಂದೇ ಅಂಕ ನೋಡುವ ಅಗ್ಗದ ಟಿಕೆಟ್ ಕೊಳ್ಳಬಹುದು. 1629ರಲ್ಲಿ ಸ್ತ್ರೀಯರು ರಂಗವೇರುವುದನ್ನು ಆಡಳಿತ ನಿಷೇಧಿಸಿದ ಮೇಲೆ ಹೆಣ್ಣುಪಾತ್ರಗಳನ್ನೂ ಗಂಡಸರೇ ಮಾಡುತ್ತ ಬಂದರು. ಯಕ್ಷಗಾನದ ಸ್ತ್ರೀವೇಷ ಕಂಡವರಿಗೆ ಆ ನಡೆ, ನಿಲುವು, ಕತ್ತಿನ ಬಾಗು ತಕ್ಷಣ ಹಿಡಿಸುತ್ತವೆ. ಪ್ರೇಕ್ಷಕರ ನಡುವೆ ಹಾದುಹೋಗುವ ಹಾನಾಮಿಚಿ ಎಂಬ ಕಾಲುದಾರಿಯಲ್ಲಿ ನಟರ ಮುಖ್ಯ ಪ್ರವೇಶ, ನಿರ್ಗಮನಗಳು ನಡೆಯುವುದರಿಂದ ಅದರ ಪಕ್ಕದ ಆಸನಗಳಿಗೆ ಬೇಡಿಕೆ ಹೆಚ್ಚು.

ಬುನ್ರಾಕುವಿಗೆ ಒಸಾಕಾದ ನಿಪ್ಪೊನ್‌ಬಾಶಿಯಲ್ಲಿ 1984ರಲ್ಲಿ ತೆರೆದ ರಾಷ್ಟ್ರೀಯ ಬುನ್ರಾಕು ರಂಗಮಂದಿರವಿದೆ. ಒಂದು ಮುಖ್ಯ ಗೊಂಬೆಯನ್ನು ಮೂವರು ಆಡಿಸುತ್ತಾರೆ: ಒಬ್ಬರು ತಲೆ ಮತ್ತು ಬಲಗೈ, ಒಬ್ಬರು ಎಡಗೈ, ಇನ್ನೊಬ್ಬರು ಕಾಲು. ಪಕ್ಕದ ವೇದಿಕೆಯಲ್ಲಿ ಕುಳಿತ ಭಾಗವತ ಎಲ್ಲ ಪಾತ್ರಗಳ ಮಾತನ್ನೂ ತಾನೇ ಹೇಳುತ್ತಾನೆ. ಶಾಮಿಸೆನ್ ತಂತಿವಾದ್ಯ ಜೊತೆಗಿರುತ್ತದೆ. ನಿಧಾನಗತಿಯ ಮುಖವಾಡದ ನಾಟಕವಾದ ನೋ ನೋಡಬಯಸುವವರಿಗೆ ಟೋಕಿಯೊದ ಸೆಂದಗಾಯಾದಲ್ಲಿರುವ ರಾಷ್ಟ್ರೀಯ ನೋ ರಂಗಮಂದಿರ ಸರಿಯಾದ ಜಾಗ.

ಸುಮೋ ಮಹಾಪಂದ್ಯಾವಳಿಗಳು ವರ್ಷಕ್ಕೆ ಆರು, ತಲಾ ಹದಿನೈದು ದಿನ: ಜನವರಿ, ಮೇ, ಸೆಪ್ಟೆಂಬರ್‌ನಲ್ಲಿ ಟೋಕಿಯೊದ ರ್ಯೋಗೊಕು, ಮಾರ್ಚ್‌ನಲ್ಲಿ ಒಸಾಕಾ, ಜುಲೈಯಲ್ಲಿ ನಗೋಯಾ, ನವೆಂಬರ್‌ನಲ್ಲಿ ಫುಕುವೊಕಾ. ಟಿಕೆಟ್ ಮಾರಾಟ ಸುಮಾರು ಒಂದು ತಿಂಗಳು ಮೊದಲು ಆರಂಭವಾಗಿ ಬೇಗ ಮುಗಿಯುತ್ತದೆ. ಕಿರಿಯರ ಕುಸ್ತಿ ಬೆಳಿಗ್ಗೆಯೇ ಶುರುವಾದರೂ ಮೇಲ್ದರ್ಜೆಯ ಪೈಲ್ವಾನರು ಕಣಕ್ಕಿಳಿಯುವುದು ಸಂಜೆ ನಾಲ್ಕರ ಹೊತ್ತಿಗೆ; ಆರಕ್ಕೆ ಎಲ್ಲ ಮುಗಿಯುತ್ತದೆ. ರ್ಯೋಗೊಕುವಿನಲ್ಲೇ 2016ರಲ್ಲಿ ತೆರೆದ, ಚಿತ್ರಕಲಾವಿದ ಹೊಕುಸಾಯ್ ಅವರ ಮ್ಯೂಸಿಯಂ ಇದೆ. ಮರದಚ್ಚಿನ ಚಿತ್ರಗಳ ಆಸಕ್ತರು ಅರ್ಧ ದಿನ ಅಲ್ಲಿ ಕಳೆದು ಮಧ್ಯಾಹ್ನ ಕುಸ್ತಿಗೆ ಹೋಗಬಹುದು.

ಮಾಂಗಾ ಮತ್ತು ಅನಿಮೆ

ಟೋಕಿಯೊದ ಅಕಿಹಬಾರಾದಲ್ಲಿ ಅನಿಮೆ ಸಾಮಗ್ರಿಯ ಬಹುಮಹಡಿ ಅಂಗಡಿಗಳಿವೆ. ಹಳೆಯ ಮಾಂಗಾ, ಆಟಿಕೆ, ಸಿನಿಮಾ ಪೋಸ್ಟರುಗಳನ್ನು ಹುಡುಕುವವರಿಗೆ ನಕಾನೊ ಬ್ರಾಡ್‌ವೇ ಮಳಿಗೆ ಸಮುಚ್ಚಯ ಇನ್ನೂ ಮೇಲು. ಮಿತಾಕಾದಲ್ಲಿ 2001ರಲ್ಲಿ ತೆರೆದ ಗಿಬ್ಲಿ ಮ್ಯೂಸಿಯಂನ ಟಿಕೆಟ್‌ಗಳು ಪ್ರತಿ ತಿಂಗಳ 10ರಂದು ಜಪಾನ್ ಸಮಯ ಬೆಳಿಗ್ಗೆ 10ಕ್ಕೆ, ಅಂದರೆ ಭಾರತದಲ್ಲಿ 6.30ಕ್ಕೆ, ಮುಂದಿನ ತಿಂಗಳಿಗಾಗಿ ಆನ್‌ಲೈನಿನಲ್ಲಿ ಬಿಡುಗಡೆಯಾಗುತ್ತವೆ. ಒಳಗೆ ಫೋಟೊ ತೆಗೆಯುವಂತಿಲ್ಲ. ನಗೋಯಾ ಬಳಿಯ ನಾಗಾಕುತೆಯಲ್ಲಿ 2022ರ ನವೆಂಬರ್‌ನಲ್ಲಿ ತೆರೆದ ಗಿಬ್ಲಿ ಪಾರ್ಕ್ ಬೇರೆಯದೇ ಸ್ಥಳ. ಅದಕ್ಕೊಂದು ಇಡೀ ದಿನ ಬೇಕು. ಕ್ಯೋಟೊದ ಅಂತರರಾಷ್ಟ್ರೀಯ ಮಾಂಗಾ ಮ್ಯೂಸಿಯಂ ಹಳೆಯ ಪ್ರಾಥಮಿಕ ಶಾಲೆಯೊಂದರ ಕಟ್ಟಡದಲ್ಲಿದ್ದು, ಅಲ್ಲಿ ಕಪಾಟಿನಿಂದ ಪುಸ್ತಕ ತೆಗೆದು ಹುಲ್ಲುಹಾಸಿನ ಮೇಲೆ ಕೂತು ಓದಬಹುದು. ಬುದ್ಧನ ಜೀವನವನ್ನು ಮಾಂಗಾ ರೂಪಕ್ಕೆ ತಂದ ಒಸಾಮು ತೆಜುಕಾ ಅವರ ಸ್ಮಾರಕ ಮ್ಯೂಸಿಯಂ ಒಸಾಕಾ ಸಮೀಪದ ತಕರಾಜುಕಾದಲ್ಲಿದೆ.

ಕ್ಯೋಟೊ, ಉಜಿ, ನಾರಾ

794ರಿಂದ ಸಾವಿರಕ್ಕೂ ಹೆಚ್ಚು ವರ್ಷ ರಾಜಧಾನಿಯಾಗಿದ್ದ ಕ್ಯೋಟೊಗೆ ಕನಿಷ್ಠ ಮೂರು ದಿನ ಇಡಬೇಕು. ಹಗಲಿಡೀ ಕಿಕ್ಕಿರಿಯುವ ಎರಡು ತಾಣಗಳನ್ನು ಬೆಳಗಿನ ಜಾವವೇ ಮುಗಿಸಿಕೊಳ್ಳುವುದು ಜಾಣತನ: ಆರು ಗಂಟೆಗೆ ಬಾಗಿಲು ತೆರೆಯುವ ಕಿಯೊಮಿಜು-ದೇರಾ ಮತ್ತು ಇಡೀ ದಿನ, ರಾತ್ರಿ ತೆರೆದೇ ಇರುವ, ಪ್ರವೇಶಶುಲ್ಕವಿಲ್ಲದ ಫುಶಿಮಿ ಇನಾರಿ. ಇನಾರಿಯ ಕೆಂಪು ತೋರಣಬಾಗಿಲುಗಳ ಸಾಲಿನಲ್ಲಿ ಗುಡ್ಡ ಹತ್ತಿ ಇಳಿಯಲು ಎರಡು ಗಂಟೆ ಹಿಡಿಯುತ್ತದೆ. ಅರ್ಧ ದಾರಿ ದಾಟಿದರೆ ಜನ ವಿರಳವಾಗುತ್ತಾರೆ. ಚಿನ್ನದ ಹಾಳೆ ಹೊದಿಸಿದ ಕಿಂಕಾಕು-ಜಿ 1950ರಲ್ಲಿ ಸುಟ್ಟುಹೋಗಿ 1955ರಲ್ಲಿ ಮತ್ತೆ ಕಟ್ಟಿದ ಮಂಟಪ. ಅದರ ಹತ್ತಿರವೇ ಇರುವ ರ್ಯೋಆನ್-ಜಿಯ ಮರಳಂಗಳದಲ್ಲಿ ಹದಿನೈದು ಕಲ್ಲುಗಳಿವೆ; ಜಗಲಿಯಲ್ಲಿ ಎಲ್ಲಿ ಕೂತರೂ ಒಂದಾದರೂ ಮರೆಯಾಗಿರುತ್ತದೆ.

ಸಂಜೂಸಂಗೆನ್-ದೋ ಭಾರತೀಯರಿಗೆ ವಿಶೇಷ ಆಸಕ್ತಿಯ ಸ್ಥಳ. ಸುಮಾರು 120 ಮೀಟರ್ ಉದ್ದದ ಈ ಮರದ ಸಭಾಂಗಣದಲ್ಲಿ ಅವಲೋಕಿತೇಶ್ವರನ 1,001 ಮೂರ್ತಿಗಳು ನಿಂತಿವೆ. ಮುಂದಿನ ಸಾಲಿನ 28 ರಕ್ಷಕದೇವತೆಗಳಲ್ಲಿ ಬ್ರಹ್ಮ, ಇಂದ್ರ, ಗರುಡರನ್ನು ಗುರುತಿಸಬಹುದು. ಪಾಚಿ ತೋಟಕ್ಕೆ ಹೆಸರಾದ ಸಾಯ್‌ಹೋ-ಜಿಗೆ ಮುಂಗಡ ಬುಕಿಂಗ್ ಕಡ್ಡಾಯ. ಗಿಯೋನ್ ಬಡಾವಣೆಯಲ್ಲಿ ಗೇಯ್ಶಾಗಳನ್ನು ಬೆನ್ನಟ್ಟಿ ಚಿತ್ರ ತೆಗೆಯುವವರ ಕಾಟ ಹೆಚ್ಚಿ 2024ರಲ್ಲಿ ಅಲ್ಲಿನ ಖಾಸಗಿ ಓಣಿಗಳಿಗೆ ಪ್ರವಾಸಿಗರ ಪ್ರವೇಶ ನಿಷೇಧಿಸಲಾಗಿದೆ. ತಪ್ಪಿದರೆ 10,000 ಯೆನ್ ದಂಡ. ಗೇಯ್ಶಾಗಳ ನೃತ್ಯ ನೋಡಲು ಏಪ್ರಿಲ್‌ನಲ್ಲಿ ನಡೆಯುವ ಮಿಯಾಕೊ ಓದೊರಿ ಪ್ರದರ್ಶನಕ್ಕೆ ಟಿಕೆಟ್ ಕೊಳ್ಳುವುದು ಗೌರವದ ದಾರಿ.

ಕ್ಯೋಟೊದ ದಕ್ಷಿಣಕ್ಕಿರುವ ಉಜಿ ಚಹಾದ ಊರು. ಹತ್ತು ಯೆನ್ ನಾಣ್ಯದ ಮೇಲಿರುವ, 1053ರ ಬ್ಯೋದೋ-ಇನ್ ಸಭಾಂಗಣ ನೋಡಿ, ಅಲ್ಲಿಯೇ ಮಾಚಾ ಕುಡಿಯಬಹುದು. ಚಹಾ ಆಚರಣೆಯಲ್ಲಿ ಮೊದಲು ಸಿಹಿತಿಂಡಿ, ಆಮೇಲೆ ಚಹಾ. ಬಟ್ಟಲನ್ನು ಅಂಗೈಯಲ್ಲಿಟ್ಟು, ಅದರ ಮುಂಭಾಗ ತುಟಿಗೆ ಬಾರದಂತೆ ಸ್ವಲ್ಪ ತಿರುಗಿಸಿ ಕುಡಿಯಬೇಕು.

ನಾರಾ ಕ್ಯೋಟೊದಿಂದ ಮುಕ್ಕಾಲು ಗಂಟೆ. ತೋದಾಯ್-ಜಿಯ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧನಿಗೆ 752ರಲ್ಲಿ ಕಣ್ಣು ತೆರೆಸುವ ವಿಧಿಯನ್ನು ನಡೆಸಿಕೊಟ್ಟವರು ಭಾರತದಿಂದ ಹೋಗಿದ್ದ ಭಿಕ್ಷು ಬೋಧಿಸೇನ. ಉದ್ಯಾನದ ಜಿಂಕೆಗಳಿಗೆ ಅಲ್ಲಿ ಮಾರುವ ಬಿಸ್ಕತ್ತು ಮಾತ್ರ ತಿನ್ನಿಸಬೇಕು.

ಕೋಯಾ ಬೆಟ್ಟ, ಬಿಸಿನೀರ ಬುಗ್ಗೆ

ಒಂಬತ್ತನೆಯ ಶತಮಾನದಲ್ಲಿ ಬೌದ್ಧ ಭಿಕ್ಷು ಕೂಕಾಯ್ ಸ್ಥಾಪಿಸಿದ ಕೋಯಾ ಬೆಟ್ಟದಲ್ಲಿ ಸುಮಾರು ಐವತ್ತು ದೇವಾಲಯಗಳು ಯಾತ್ರಿಕರಿಗೆ ತಂಗಲು ಕೋಣೆ ಕೊಡುತ್ತವೆ. ಒಸಾಕಾದ ನಂಬಾದಿಂದ ನಂಕಾಯ್ ರೈಲಿನಲ್ಲಿ ಗೊಕುರಾಕುಬಾಶಿಗೆ ಹೋಗಿ, ಅಲ್ಲಿಂದ ಕೇಬಲ್ ಕಾರ್ ಹಿಡಿಯಬೇಕು. ಬೆಳಗಿನ ಪ್ರಾರ್ಥನೆಗೆ ಅತಿಥಿಗಳೂ ಕೂರಬಹುದು. ಕೆಲವು ದೇವಾಲಯಗಳಲ್ಲಿ ನಡೆಯುವ ಅಗ್ನಿವಿಧಿ ನಮ್ಮ ಹೋಮದಿಂದಲೇ ಬಂದದ್ದು. ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳಿರುವ ಒಕುನೊ-ಇನ್ ಕಾಡುದಾರಿಯ ಕಲ್ಲುಗಳ ಮೇಲೆ ಸಂಸ್ಕೃತದ ಬೀಜಾಕ್ಷರಗಳನ್ನು ಸಿದ್ಧಂ ಲಿಪಿಯಲ್ಲಿ ಕಾಣಬಹುದು.

ಬಿಸಿನೀರ ಸ್ನಾನಕ್ಕೆ ಟೋಕಿಯೊ ಕಡೆಯವರಿಗೆ ಹಕೋನೆ, ಕ್ಯೋಟೊ ಕಡೆಯವರಿಗೆ ಕಿನೊಸಾಕಿ ಹತ್ತಿರ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೊಳಗಳಿರುತ್ತವೆ. ಬಟ್ಟೆ ಪೂರ್ತಿ ಕಳಚಿ, ಪಕ್ಕದಲ್ಲಿ ಸೋಪು ಹಚ್ಚಿ ತೊಳೆದುಕೊಂಡ ಮೇಲೆಯೇ ಕೊಳಕ್ಕಿಳಿಯಬೇಕು. ಹಚ್ಚೆ ಇರುವವರನ್ನು ಅನೇಕ ಕಡೆ ಬಿಡುವುದಿಲ್ಲ; ಮೊದಲೇ ವಿಚಾರಿಸಬೇಕು. ಸಂಕೋಚವಿರುವವರು ಖಾಸಗಿ ಕೊಳವಿರುವ ರ್ಯೋಕಾನ್ ತಂಗುಮನೆ ಆರಿಸಬಹುದು. ಅಲ್ಲಿ ಕೊಡುವ ಯುಕಾತಾ ಉಡುಪಿನ ಎಡ ಅಂಚು ಮೇಲೆ ಬರಬೇಕು. ಬಲ ಅಂಚು ಮೇಲೆ ಹಾಕುವುದು ಶವಕ್ಕೆ.

ಸಸ್ಯಾಹಾರಿಗಳಿಗೆ

ತರಕಾರಿ ಮಾತ್ರ ಕಾಣುವ ಸಾರಿನಲ್ಲೂ ಒಣಮೀನಿನ ದಾಶಿ ರಸ ಇರುವುದೇ ಹೆಚ್ಚು. ಮಿಸೊ ಸಾರು, ಉದೊನ್, ಸೊಬಾ ಯಾವುದೂ ಇದಕ್ಕೆ ಹೊರತಲ್ಲ. ಮೀನು, ಮಾಂಸ, ದಾಶಿ ಬೇಡವೆಂದು ಜಪಾನಿಯಲ್ಲಿ ಬರೆದ ಚೀಟಿ ಜೊತೆಗಿಟ್ಟುಕೊಂಡರೆ ಕೆಲಸ ಸುಲಭ. ಬೌದ್ಧ ದೇವಾಲಯಗಳ ಶೋಜಿನ್ ರ್ಯೋರಿ ಊಟದಲ್ಲಿ ಸಾರಿನ ರಸವನ್ನು ಕಡಲಪಾಚಿ ಮತ್ತು ಅಣಬೆಯಿಂದ ತೆಗೆಯುತ್ತಾರೆ. ಸಂಪ್ರದಾಯದಂತೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಕೋಯಾ ಬೆಟ್ಟದಲ್ಲಿ ಈ ಊಟ ತಂಗುವಿಕೆಯ ಜೊತೆಗೇ ಸಿಗುತ್ತದೆ. ದೊಡ್ಡ ನಗರಗಳಲ್ಲಿ ಭಾರತೀಯ ಹೋಟೆಲುಗಳಿವೆ.

ನಡವಳಿಕೆ

ಶಿಂತೊ ಗುಡಿಯಲ್ಲಿ ಕೈ, ಬಾಯಿ ತೊಳೆದು, ನಾಣ್ಯ ಹಾಕಿ, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಕ್ರಮ. ಬೌದ್ಧ ದೇವಾಲಯದಲ್ಲಿ ಚಪ್ಪಾಳೆಯಿಲ್ಲ, ಕೈ ಮುಗಿದರೆ ಸಾಕು. ದೇವಾಲಯಗಳಲ್ಲಿ ಮುದ್ರೆಯೊತ್ತಿ ಕುಂಚದಲ್ಲಿ ಬರೆದುಕೊಡುವ ಗೊಶುಯಿನ್‌ಗೆ ಪ್ರತ್ಯೇಕ ಪುಸ್ತಕ ಕೊಳ್ಳಬೇಕು. ಮಾಮೂಲಿ ನೋಟ್‌ಬುಕ್ ಒಡ್ಡಬಾರದು. ತತಾಮಿ ಚಾಪೆಯ ಮೇಲೆ ಚಪ್ಪಲಿ ನಿಷಿದ್ಧ. ರೈಲಿನಲ್ಲಿ ಫೋನಿನಲ್ಲಿ ಮಾತಾಡುವಂತಿಲ್ಲ. ಟಿಪ್ಸ್ ಕೊಡುವ ರೂಢಿಯಿಲ್ಲ.

ಹತ್ತು ದಿನದ ಯೋಜನೆ

ಟೋಕಿಯೊದಲ್ಲಿ ನಾಲ್ಕು ದಿನ: ಕಬುಕಿ ಅಥವಾ ಸುಮೋ, ಉಯೆನೊದ ರಾಷ್ಟ್ರೀಯ ಮ್ಯೂಸಿಯಂ, ಮಿತಾಕಾ, ಅಕಿಹಬಾರಾ. ಬಳಿಕ ಕ್ಯೋಟೊದಲ್ಲಿ ಮೂರು ದಿನ. ಎಂಟನೆಯ ದಿನ ನಾರಾ ನೋಡಿ ಒಸಾಕಾ ಸೇರಬಹುದು. ಒಂಬತ್ತರಂದು ಕೋಯಾ ಬೆಟ್ಟದಲ್ಲಿ ತಂಗಿ, ಹತ್ತನೆಯ ದಿನ ಬೆಳಗಿನ ಪ್ರಾರ್ಥನೆ ಮುಗಿಸಿ ಒಸಾಕಾಗೆ ಇಳಿದು ಹೊರಡಬಹುದು. ಬುಕಿಂಗ್‌ನ ಸರಣಿ ಹೀಗಿರಲಿ: ಮೊದಲು ಪಂದ್ಯಾವಳಿ ಅಥವಾ ಉತ್ಸವದ ದಿನಾಂಕ, ಆಮೇಲೆ ವಿಮಾನ ಮತ್ತು ವೀಸಾ, ನಂತರ ಕ್ಯೋಟೊ ಹಾಗೂ ಕೋಯಾದ ಕೊಠಡಿ, ಹಿಂದಿನ ತಿಂಗಳ 10ರಂದು ಗಿಬ್ಲಿ ಟಿಕೆಟ್, ಕೊನೆಗೆ ರೈಲು.